ಮೂವತ್ತೆಂಟು ಹೆಜ್ಜೆ

ಫೆಬ್ರವರಿ 8, ಭಾನುವಾರ

ಬಾಲ,

ಇದೊಂದನ್ನು ಬರೆಯದೆ ಬಿಡಬೇಕೆಂದಿದ್ದೆ. ಆದರೆ ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ: ಚಿಕ್ಕಮ್ಮನ ಸಮಾಧಿ ಹುಡುಕಿಕೊಡು ಎಂದು ನೀನು ಕೇಳಿದಾಗ ನಾನು ಒಪ್ಪಿದ್ದು ನಿನಗೆ ಸಹಾಯವಾಗಲಿ ಎಂದಲ್ಲ. ನಿನಗಿಂತ ಮೊದಲು ನಾನು ಅಲ್ಲಿಗೆ ತಲುಪಬೇಕು ಎಂದು. ನಲವತ್ತಾರನೇ ವಯಸ್ಸಿನಲ್ಲಿ ಹೀಗೆ ಬರೆಯಲು ನಾಚಿಕೆಯಾಗಬೇಕು. ಸ್ವಲ್ಪ ಆಗಿದೆ ಕೂಡ.

ಫೋನ್ ಬೇಡ, ಕಾಗದ ಬರೆ, ಮನೆತನದ ಫೈಲಿಗೆ ಹಾಕುತ್ತೇನೆ ಎಂದೆಯಲ್ಲ, ಒಳ್ಳೆಯದೇ ಆಯಿತು. ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ನಿಲ್ಲುತ್ತೇವೆ. ಈ ಕಾಗದದ ಮೊದಲ ಪ್ಯಾರಾವನ್ನು ಮಾತ್ರ ಕತ್ತರಿಸಿ ತೆಗೆದು, ಉಳಿದದ್ದನ್ನು ಫೈಲಿಗೆ ಹಾಕು.

ನಿನ್ನೆ ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿ, ಒಂದು ಗಂಟೆ ಬಸ್ಸಿನಲ್ಲಿ ಕುಳಿತು ಹೋದೆ. ಟೆಲಿಫೋನ್ ಎಕ್ಸ್‌ಚೇಂಜ್ ಇದ್ದ ಕಟ್ಟಡದಲ್ಲಿ ಈಗ ಹಾಸಿಗೆ ಅಂಗಡಿ. ಚಿಕ್ಕಮ್ಮ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದ ಕಿಟಕಿಯ ಹಿಂದೆ ಸ್ಪಂಜಿನ ಹಾಸಿಗೆಗಳನ್ನು ನಿಲ್ಲಿಸಿದ್ದಾರೆ. ಅಮ್ಮ ಆಸ್ಪತ್ರೆಯಲ್ಲಿದ್ದ ಆ ಒಂದೂವರೆ ವರ್ಷ ನಾವು ಅವಳ ಜೊತೆ ಇದ್ದ ಮನೆಯೂ ಇದೆ. ಯಾರೋ ಮೇಲೊಂದು ಅಂತಸ್ತು ಕಟ್ಟಿಕೊಂಡಿದ್ದಾರೆ.

ಚರ್ಚಿನ ಹಿಂದಿನ ಸ್ಮಶಾನವನ್ನು ನಾನು ನೋಡಿದ್ದೇ ಈಗ. ಮಕ್ಕಳು ಬೇಡ ಎಂದು ಅಪ್ಪ ಅವತ್ತು ನಮ್ಮನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದರಲ್ಲ. ನೆಟ್ಟದ್ದು ಮರದ ಶಿಲುಬೆ, ಅದನ್ನು ಗೆದ್ದಲು ಎಂದೋ ತಿಂದಿರಬೇಕು. ಕಲ್ಲು ಇಡಿಸಬೇಕು, ಕಲ್ಲು ಇಡಿಸಬೇಕು ಎಂದು ಹೇಳುತ್ತಲೇ ಅಮ್ಮನೂ ಹೋದಳು.

ಚರ್ಚಿನ ಗುಮಾಸ್ತರು ಕನ್ನಡಕವನ್ನು ಹಣೆಯ ಮೇಲೆ ಸರಿಸಿ, "ಎಷ್ಟು ವರ್ಷ ಆಯ್ತು?" ಎಂದರು.

"ಮೂವತ್ನಾಲ್ಕು."

"ಅಯ್ಯೋ ಮೇಡಂ, ಆಗ ನಂಬರ್ ಗಿಂಬರ್ ಎಲ್ಲಿತ್ತು? ಗುಂಡಿ ತೋಡೋ ಅಜ್ಜ ಹೆಜ್ಜೆ ಹಾಕಿ ಅಳೆದು ಹೇಳೋನು, ಇಲ್ಲಿ ಬರ್ಕೊಳ್ಳೋರು."

ಆದರೂ ದಪ್ಪ ರಿಜಿಸ್ಟರು ತೆಗೆದುಕೊಟ್ಟರು. ಚಿಕ್ಕಮ್ಮನ ಹೆಸರು ಸಿಕ್ಕಿತು. ವಯಸ್ಸು ಮೂವತ್ತೊಂದು, ಉದ್ಯೋಗ ಟೆಲಿಫೋನ್. ಅದರ ಮುಂದಿದ್ದ ಸಾಲನ್ನು ನಕಲು ಮಾಡಿದ್ದೇನೆ: "ಬಾವಿಕಟ್ಟೆಯಿಂದ, ಗಂಟೆಗೋಪುರಕ್ಕೆ ಬೆನ್ನು ಮಾಡಿ, ಮೂವತ್ತೆಂಟು ಹೆಜ್ಜೆ. ಅಲ್ಲಿಂದ ಎಡಕ್ಕೆ ಒಂಬತ್ತು."

ನಾನೇ ಅಳೆಯಬೇಕೆನ್ನುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಯಿತು.

ನಿನ್ನ
ಅಕ್ಕ


ಫೆಬ್ರವರಿ 20

ಅಕ್ಕಾ,

ಜಾಣೆ ಕಣೇ ನೀನು! ಆ ಸಾಲು ಓದಿ ಸ್ಟಾಫ್ ರೂಮಿನಲ್ಲಿ ಕಿರುಚಿಬಿಟ್ಟೆ. ಚರಿತ್ರೆಯ ಮೇಷ್ಟ್ರು ಕಾಫಿ ಚೆಲ್ಲಿಕೊಂಡರು.

ನಿನ್ನ ಮೊದಲ ಪ್ಯಾರಾ ಓದಿ ನಕ್ಕೆ. ಫೈಲಿಗೆ ಇಡಿಯಾಗಿಯೇ ಹೋಗಿದೆ. ಮನೆತನ ಎಂದರೆ ಹೊಟ್ಟೆಕಿಚ್ಚು ಇಲ್ಲದೆ ಇರುತ್ತದೆಯೇ?

ಲೆಕ್ಕ ಸುಲಭ. ಸಾಧಾರಣ ಹೆಜ್ಜೆ ಎರಡೂವರೆ ಅಡಿ. ಮೂವತ್ತೆಂಟಕ್ಕೆ ತೊಂಬತ್ತೈದು ಅಡಿ, ಎಡಕ್ಕೆ ಇಪ್ಪತ್ತೆರಡೂವರೆ. ಕಂಪ್ಯೂಟರಿನಲ್ಲಿ ನಕ್ಷೆ ತೆಗೆದು ಗುರುತು ಹಾಕಿದ್ದೇನೆ, ಜೊತೆಗಿದೆ. ನೀನು ಟೇಪು ಹಿಡಿದು ಅಲ್ಲೊಂದು ಗೂಟ ಹೊಡೆದು ಬಾ. ಕೆಲಸ ಮುಗಿಯಿತು!

ಈ ತಿಂಗಳ ಸುತ್ತೋಲೆಯಲ್ಲಿ ನಕ್ಷೆ ಹಾಕಿ ಎಲ್ಲ ಕಸಿನ್‌ಗಳಿಗೂ ಕಳಿಸಿದೆ. ಸೋದರಮಾವ ಫೋನ್ ಮಾಡಿ ಅತ್ತೇಬಿಟ್ಟರು. "ನಮ್ಮ ಮನೆತನಕ್ಕೆ ನೀನೊಬ್ಬಳೇ ಕಣಮ್ಮ" ಎಂದರು. ನಿನ್ನ ಹೆಸರೂ ಹೇಳಿದೆ. "ಹೌದಾ, ಅವಳೂ ಹೋಗಿದ್ದಳಾ" ಎಂದರು. ನಿನಗೊಂದು ಪ್ರತಿ ಇಟ್ಟಿದ್ದೇನೆ, ಓದು. ಚಿಕ್ಕಮ್ಮನ ಬಗ್ಗೆ ಒಂದು ಪುಟ ಬರೆದಿದ್ದೇನೆ. ಬರೆಯುವಾಗ ಕಣ್ಣು ಮಂಜಾಯಿತು.

ನಿನ್ನ
ಬಾಲ


ಮಾರ್ಚ್ 8, ಭಾನುವಾರ

ಬಾಲ,

ಗೂಟ ಹೊಡೆದಿದ್ದೇನೆ. ತೊಂಬತ್ತೈದು ಅಡಿ, ಎಡಕ್ಕೆ ಇಪ್ಪತ್ತೆರಡೂವರೆ, ಇಂಚು ತಪ್ಪಿಲ್ಲ. ಹೂವಿಟ್ಟು ಫೋಟೊ ತೆಗೆದಿದ್ದೇನೆ, ನಿನ್ನ ಸುತ್ತೋಲೆಗೆ ಬೇಕಾಗುತ್ತದೆ. ಅಲ್ಲಿ ನಿಂತಾಗ ನನಗೇನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ನಿನ್ನ ಪುಟ ಓದಿದೆ. ಚಿಕ್ಕಮ್ಮ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ನಿನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು, ಒಂದೊಂದು ಹೆಣಿಗೆಗೂ ಊರಿನ ಒಂದೊಂದು ಟೆಲಿಫೋನ್ ನಂಬರು ಹೇಳುತ್ತಿದ್ದಳು, ಡಾಕ್ಟರು ಎರಡು ನಾಲ್ಕು ಒಂದು, ಐಸ್ ಕಾರ್ಖಾನೆ ಮೂರು ಸೊನ್ನೆ ಆರು ಎಂದು ಬರೆದಿದ್ದೀಯ. ಚೆನ್ನಾಗಿ ಬರೆದಿದ್ದೀಯ.

ಅದು ನನ್ನ ಜಡೆ.

ನಿನಗಾಗ ಆರು ವರ್ಷ. ಆ ಹೊತ್ತಿನಲ್ಲಿ ನೀನು ಎದ್ದೇ ಇರುತ್ತಿರಲಿಲ್ಲ. ಆ ನಂಬರುಗಳನ್ನು ನಾನು ನಿನಗೆ ಹೇಳಿದ್ದು, ಅವಳು ಹೋದ ಮೇಲೆ, ನೀನು ಅಳು ನಿಲ್ಲಿಸದೆ ಇದ್ದಾಗ. ನಿನ್ನನ್ನು ಸುಮ್ಮನಾಗಿಸಲು ನನ್ನ ಬಳಿ ಇದ್ದದ್ದು ಅದೊಂದೇ. ಹೊಸ ಬಟ್ಟೆ, ಕಿಟಕಿ ಪಕ್ಕದ ಸೀಟು ಎಲ್ಲ ನೀನು ತೆಗೆದುಕೊಂಡಾಗ ಚಿಕ್ಕವಳು ಎಂದು ಬಿಟ್ಟುಕೊಟ್ಟೆ. ಇದನ್ನೂ ಯಾಕೆ ತೆಗೆದುಕೊಂಡೆ?

ಇಷ್ಟು ಚಿಕ್ಕ ವಿಷಯಕ್ಕೆ ಒಂದು ಪುಟ ಬರೆದೆನಲ್ಲ ಎಂದೂ ಅನ್ನಿಸುತ್ತದೆ. ಆದರೂ ಹರಿದು ಹಾಕುವುದಿಲ್ಲ.

ಅಕ್ಕ


ಮಾರ್ಚ್ 29, ಭಾನುವಾರ

ಬಾಲ,

ನಾವು ತಪ್ಪು ಜಾಗದಲ್ಲಿ ಗೂಟ ಹೊಡೆದಿದ್ದೇವೆ.

ನಿನ್ನೆ ಮತ್ತೆ ಹೋಗಿದ್ದೆ. ಯಾಕೆ ಹೋದೆ ಎಂದು ಕೇಳಬೇಡ. ನನಗೇನೂ ಅನ್ನಿಸಲಿಲ್ಲವಲ್ಲ, ಅದು ಚುಚ್ಚುತ್ತಿತ್ತು. ಬಸ್ಸಿನಿಂದ ಇಳಿಯುವಾಗ ಬ್ಯಾಗಿನ ಹಿಡಿ ಕಿತ್ತುಬಂತು. ಎದುರಿಗೇ ಒಂದು ಹೊಲಿಗೆ ಅಂಗಡಿ. ಅರವತ್ತರ ಹೆಂಗಸು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ. ಸ್ಮಶಾನಕ್ಕೆ ಬಂದೆ ಎಂದೆ. ಸಮಾಧಿ ಹೇಗೆ ಹುಡುಕಿದಿರಿ ಎಂದರು. ರಿಜಿಸ್ಟರು, ಹೆಜ್ಜೆ, ಅಡಿಯ ಲೆಕ್ಕ ಎಲ್ಲ ಹೇಳಿದೆ. ಅವರು ಮೆಷಿನ್ ನಿಲ್ಲಿಸಿ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟರು.

"ಎರಡೂವರೆ ಅಡಿನಾ? ಯಾರ ಹೆಜ್ಜೆ ಅದು, ಪೊಲೀಸರದ್ದಾ? ಗುಂಡಿ ತೋಡ್ತಾ ಇದ್ದೋರು ನಮ್ಮಪ್ಪ ಕಣ್ರೀ. ಬಲಗಾಲು ಮೂರಿಂಚು ಗಿಡ್ಡ. ಅವರ ಜೊತೆ ಸಂತೆಗೆ ಹೊರಟ್ರೆ ಸಂತೆ ಮುಗಿದ ಮೇಲೆ ಸೇರ್ತಿದ್ವಿ."

ಬಾಲ, ಹದಿನೆಂಟು ವರ್ಷದಿಂದ ಜನರ ಕಾಲಿಗೆ ವ್ಯಾಯಾಮ ಹೇಳಿಕೊಡುತ್ತಿದ್ದೇನೆ. ಬಾಗಿಲಿನಿಂದ ಮೇಜಿನವರೆಗೆ ನಡೆದು ಬಂದರೆ ಸಾಕು, ನೋವು ಸೊಂಟದ್ದೋ ಮಂಡಿಯದ್ದೋ ಹೇಳುತ್ತೇನೆ. ಅಂಥವಳು, ಹೆಜ್ಜೆ ಎಂದು ಓದಿದ ಕೂಡಲೇ ಯಾರ ಹೆಜ್ಜೆ ಎಂದು ಕೇಳಲಿಲ್ಲ. ನಿನ್ನ ಲೆಕ್ಕಕ್ಕೆ ಟೇಪು ಹಿಡಿದೆ.

ಅವರು ಅಂಗಡಿಗೆ ಅರ್ಧ ಬಾಗಿಲು ಎಳೆದು, ಕೊರಳಿನ ಟೇಪಿನ ಜೊತೆಯೇ ಹೊರಟರು. ಅವರ ತಾಯಿಯ ಸಮಾಧಿಗೆ ಕಲ್ಲಿದೆ. ಗುಮಾಸ್ತರಿಂದ ರಿಜಿಸ್ಟರು ಕೇಳಿ ನೋಡಿದೆವು: "ಬಾವಿಕಟ್ಟೆಯಿಂದ ಇಪ್ಪತ್ತು ಹೆಜ್ಜೆ." ಬಗ್ಗಿ ಬಗ್ಗಿ ಆರು ಸಲ ಟೇಪು ಹಾಸಿದೆವು. ಮೂವತ್ತು ಅಡಿ. ಎಂದರೆ ಹೆಜ್ಜೆಗೆ ಒಂದು ಮೊಳ, ಅಷ್ಟೇ. ಚಿಕ್ಕಮ್ಮ ಇರುವುದು ಐವತ್ತೇಳು ಅಡಿಯಲ್ಲಿ, ಎಡಕ್ಕೆ ಹದಿಮೂರೂವರೆ.

ಅನುಮಾನವೇ ಬೇಡ. ರಿಜಿಸ್ಟರಿನಲ್ಲಿ ಅವಳ ಕೆಳಗಿನ ಸಾಲು ಅದೇ ತಿಂಗಳು ತೀರಿಕೊಂಡ ಒಬ್ಬ ಪೋಸ್ಟ್‌ಮ್ಯಾನಿನದ್ದು: "ಟೆಲಿಫೋನಿನವರ ಬಲಪಕ್ಕ." ಪೋಸ್ಟ್‌ಮ್ಯಾನಿನ ಕಲ್ಲು ಅಲ್ಲೇ ಇದೆ, ಹೆಸರು ಸ್ಪಷ್ಟವಾಗಿದೆ. ಅದರ ಎಡಕ್ಕೆ ಆರಡಿ ಉದ್ದದ ತಗ್ಗು, ತುಂಬ ಕಳೆ. ಮೊದಲ ದಿನವೇ ಇನ್ನೊಂದು ಸಾಲು ಕೆಳಗೆ ಓದಿದ್ದರೆ ಗೊತ್ತಾಗುತ್ತಿತ್ತು. ನಾನು ಓದಲಿಲ್ಲ. ನಿನಗೆ ಕಳಿಸಿದ್ದೂ ಒಂದೇ ಸಾಲು.

"ಹಾಗಾದರೆ ನಾನು ಹೂವಿಟ್ಟಿದ್ದು ಯಾರಿಗೆ?" ಎಂದೆ.

ಅವರು ದೂರದ ಗೂಟ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಬಸ್ ಕಂಡಕ್ಟರಿಗೆ. ಬದುಕಿದ್ದಾಗ ಅವನಿಗೆ ಹೂವು ಕೊಟ್ಟೋರಿಲ್ಲ ಬಿಡಿ, ಖುಷಿಯಾಗಿರ್ತಾನೆ. ಮಗಳೊಬ್ಬಳು ವರ್ಷಕ್ಕೊಂದು ಸಲ ಬರ್ತಾಳೆ. ಗೂಟ ನೋಡಿದ್ರೆ ಗಾಬರಿಯಾಗ್ತಾಳೆ, ಕಿತ್ಹಾಕಿ."

ಕೀಳಲಿಲ್ಲ. ನಿನ್ನನ್ನು ಕೇಳಿ ಕೀಳಬೇಕೆಂದುಕೊಂಡೆ.

ಅವರು ಹೋದ ಮೇಲೆ ಆ ತಗ್ಗಿನ ಪಕ್ಕ ಕುಳಿತೆ. ಈ ಸಲ ಅನ್ನಿಸಿತು. ಏನು ಎಂದು ಬರೆಯಲಾರೆ. ಆದರೆ ಒಂದು ಮಾತು ಬರೆಯಬಲ್ಲೆ: ನನಗೂ ಅವಳಿಗೂ ನಡುವೆ ನೀನಿಲ್ಲದೆ ನಾನು ಅವಳ ಪಕ್ಕ ಕುಳಿತದ್ದು ನಾಲ್ಕು ದಶಕದಲ್ಲಿ ಅದೇ ಮೊದಲು.

ನಾಳೆ ಆಸ್ಪತ್ರೆಗೆ ಹೋಗುವಾಗ ಇದನ್ನು ಡಬ್ಬಕ್ಕೆ ಹಾಕುತ್ತೇನೆ.

ಅಕ್ಕ

ಏಪ್ರಿಲ್ 3. ಹಾಕಿಲ್ಲ. ಅಂಚೆ ಡಬ್ಬದ ಮುಂದೆಯೇ ದಿನಾ ಬಸ್ಸು ಹತ್ತುತ್ತೇನೆ. ಲಕೋಟೆ ಬ್ಯಾಗಿನಲ್ಲಿದೆ, ಹೊಸ ಹಿಡಿಯ ಬ್ಯಾಗಿನಲ್ಲಿ.


ಏಪ್ರಿಲ್ 19

ಬಾಲ,

ಕಲ್ಲಿನ ನಮೂನೆ ತಲುಪಿತು. ಬೂದು ಬಣ್ಣವೇ ಸರಿ, ಕರಿಯದು ಬೇಡ. ಕಲ್ಲು ಕೆತ್ತುವವರು ಜಾಗ ನೋಡಲು ಬಂದಾಗ ನಾನು ಜೊತೆಗಿರಬೇಕೆಂದು ಕೇಳಿದ್ದೀಯ. ನಾನು ಯಾಕೆ? ಗೂಟ ಇದೆ, ನಿನ್ನ ನಕ್ಷೆ ಇದೆ. ಜಾಗದ ಬಗ್ಗೆ ನಾನು ಹೇಳುವುದು ಏನೂ ಇಲ್ಲ.

ಈ ತಿಂಗಳ ಸುತ್ತೋಲೆಯಲ್ಲಿ ನಿನ್ನ ಫೋಟೊ ಚೆನ್ನಾಗಿ ಬಂದಿದೆ. ಮಾವ ನಿನ್ನನ್ನು ಮನೆತನದ ದೀಪ ಎಂದು ಬರೆದಿದ್ದಾರೆ. ದೀಪಕ್ಕೆ ನನ್ನ ಅಭಿನಂದನೆ.

ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ.

ಅಕ್ಕ


ಮೇ 17

ಅಕ್ಕಾ,

ನಿನ್ನ ಕಾಗದ ಓದಿದರೆ ಐಸ್ ಕಾರ್ಖಾನೆಯಿಂದ ಬಂದ ಹಾಗಿದೆ. ಬೈಯುವುದಿದ್ದರೆ ನೇರವಾಗಿ ಬೈಯಿ. "ದೀಪಕ್ಕೆ ಅಭಿನಂದನೆ" ಎಂದರೆ ಬೈಗುಳ ಎಂದು ನನಗೆ ಗೊತ್ತಾಗುವುದಿಲ್ಲವೇ? ನಿನ್ನ ಹಿಂದೆಯೇ ಅಲೆದು ಬಾಲ ಎಂದು ಹೆಸರು ಪಡೆದವಳು ನಾನು. ನಿನ್ನ ಬೆನ್ನು ನೋಡಿದರೆ ಸಾಕು, ಮುಖ ಹೇಗಿದೆ ಎಂದು ಹೇಳುತ್ತೇನೆ.

ಎಲ್ಲ ನಿಶ್ಚಯವಾಗಿದೆ. ಜೂನ್ 28, ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಕಲ್ಲು ನಿಲ್ಲಿಸುವುದು. ಇಪ್ಪತ್ತಮೂರು ಜನ ಬರುತ್ತಾರೆ. ಮಾವ ಗಾಲಿಕುರ್ಚಿಯಲ್ಲಿ ಬರುತ್ತಾರೆ, ಎಷ್ಟು ಬೇಡವೆಂದರೂ ಕೇಳುತ್ತಿಲ್ಲ. ತಂಗಿಯನ್ನು ಮಣ್ಣಿಗಿಟ್ಟ ದಿನ ಅವರು ಊರಲ್ಲಿರಲಿಲ್ಲವಂತೆ. "ಈ ಸಲ ತಪ್ಪಿಸಲ್ಲ" ಎನ್ನುತ್ತಾರೆ.

ಈಗ ಜಡೆಯ ವಿಷಯ. ಎರಡು ತಿಂಗಳು ಉತ್ತರ ಬರೆಯದೆ ಸುಮ್ಮನಿದ್ದೆ. ನನಗೆ ಅದು ಬೆನ್ನಿಗೆ ಅವಳ ಮಂಡಿ ತಾಗಿದ ಹಾಗೆ ನೆನಪಿದೆ. ಆದರೂ ನೀನು ಹೇಳಿದ ಮೇಲೆ ನಿನ್ನದೇ ಇರಬೇಕು ಎಂದು ಮುಂದಿನ ಸುತ್ತೋಲೆಯಲ್ಲಿ ತಿದ್ದಲು ಹೊರಟೆ. ಆ ವರ್ಷದ ಫೋಟೊ ಹಾಕೋಣ ಎಂದು ಮಾವನ ಪೆಟ್ಟಿಗೆಯಲ್ಲಿ ಹುಡುಕಿಸಿದೆ. ಸಿಕ್ಕಿತು, ಜೊತೆಗಿದೆ. ಎಕ್ಸ್‌ಚೇಂಜಿನ ಮೆಟ್ಟಿಲು, ನಡುವೆ ಚಿಕ್ಕಮ್ಮ. ನನ್ನ ತಲೆ ನೋಡು, ಕಿವಿಯವರೆಗೆ ಕತ್ತರಿಸಿದ ಕೂದಲು. ನಿನ್ನ ತಲೆ ನೋಡು. ನಿನ್ನದೂ ಅಷ್ಟೇ! ಇಬ್ಬರಿಗೂ ಹೇನಾಗಿತ್ತಂತೆ, ನಮ್ಮನ್ನು ಕರೆತಂದ ವಾರವೇ ಅವಳು ಕತ್ತರಿ ಹಾಕಿದ್ದಳಂತೆ, ಆಮೇಲೂ ಉದ್ದ ಬೆಳೆಯಲು ಬಿಡಲಿಲ್ಲವಂತೆ. ಮಾವ ಹೇಳಿದರು. ಅವಳ ಕೈಗೆ ಪುರುಸೊತ್ತೇ ಇರಲಿಲ್ಲ, ಜಡೆ ಹಾಕುವುದೆಲ್ಲಿ ಎಂದೂ ಹೇಳಿದರು.

ಹಾಗಾದರೆ ಯಾರ ಜಡೆ, ಅಕ್ಕ? ಇಬ್ಬರಲ್ಲಿ ಯಾರು ಕದ್ದದ್ದು?

ಇನ್ನೊಂದು ಮಾತು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದುಕೊಂಡಿದ್ದೀಯಾ? ನೀವಿಬ್ಬರೂ ಅಡುಗೆಮನೆಯಲ್ಲಿ ಪಿಸುಪಿಸು ಮಾತಾಡುತ್ತಿದ್ದಿರಿ, ನಾನು ಬಂದ ಕೂಡಲೇ ನಿಲ್ಲಿಸುತ್ತಿದ್ದಿರಿ. ಅವಳು ಹೋದ ಮೇಲೂ ನೀನು ಅವಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಮನಸ್ಸು ಬಂದಾಗ ಒಂದೊಂದು ಚೂರು ಕೊಟ್ಟೆ. ಈ ಫೈಲು, ಈ ನಕ್ಷೆ, ಈ ಕಲ್ಲು ಎಲ್ಲ ಯಾಕೆ ಎಂದುಕೊಂಡೆ? ನಿನ್ನನ್ನು ಕೇಳದೆಯೇ ಅವಳ ಹತ್ತಿರ ಹೋಗಲು ನನಗೊಂದು ದಾರಿ ಬೇಕಿತ್ತು.

28ರಂದು ನಾಲ್ಕು ಮಾತು ನೀನಾಡಬೇಕು. ನಾನಾಡಿದರೆ ಸಭೆಗೆ ಚೆನ್ನಾಗಿರುತ್ತದೆ. ನೀನಾಡಿದರೆ ನಿಜವಿರುತ್ತದೆ.

ನಿನ್ನ
ಬಾಲ


ಜೂನ್ 11, ಗುರುವಾರ

ಬಾಲ,

ಈ ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ, ಮಾರ್ಚ್ 29ರದ್ದು. ಅದನ್ನು ಮೊದಲು ಓದು. ಓದಿ, ಬೈದು, ಒಂದು ಲೋಟ ನೀರು ಕುಡಿದು ಇದಕ್ಕೆ ಬಾ.

ಎಪ್ಪತ್ತನಾಲ್ಕು ದಿನ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಮರೆತೆ ಎಂದು ಹೇಳಬಹುದಿತ್ತು, ಮರೆಯಲಿಲ್ಲ. ಪ್ರತಿ ಶನಿವಾರ ಆ ಸ್ಮಶಾನಕ್ಕೆ ಹೋಗಿ, ನಿನ್ನ ಗೂಟ ದಾಟಿ, ಸರಿಯಾದ ಜಾಗದಲ್ಲಿ ಕುಳಿತು ಬಂದೆ. ನೀನು ತಪ್ಪಿರುವುದು ನನಗೆ ಸುಖ ಕೊಡುತ್ತಿತ್ತು. ನೋವಿರುವ ಹಲ್ಲನ್ನು ನಾಲಿಗೆ ಮುಟ್ಟಿ ಮುಟ್ಟಿ ನೋಡುವ ಹಾಗೆ, ಅಂಥ ಸುಖ.

ಕಲ್ಲು ನಿಲ್ಲಿಸುವ ದಿನವನ್ನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಎಲ್ಲರೂ ಸೇರಿರುತ್ತಾರೆ, ಕಲ್ಲು ನಿಂತಿರುತ್ತದೆ, ನೀನು ಕಣ್ಣೊರೆಸಿಕೊಳ್ಳುತ್ತಿರುತ್ತೀಯ. ಆಗ ನಾನು ಮೆಲ್ಲಗೆ, "ಇಲ್ಲಲ್ಲ, ಅಲ್ಲಿ" ಎನ್ನುತ್ತೇನೆ. ಎಲ್ಲ ತಲೆಗಳೂ ನನ್ನ ಕಡೆ ತಿರುಗುತ್ತವೆ. ಇಷ್ಟೇ ದೃಶ್ಯ. ಇದರ ಮುಂದೆ ಏನಾಗುತ್ತದೆ ಎಂದು ನಾನು ಒಮ್ಮೆಯೂ ಕಲ್ಪಿಸಿಕೊಂಡಿರಲಿಲ್ಲ. ನಿನ್ನ ಕಾಗದದಲ್ಲಿ ಮಾವನ ಗಾಲಿಕುರ್ಚಿ ಬಂದ ಮೇಲೆ ಕಲ್ಪಿಸಿಕೊಳ್ಳಬೇಕಾಯಿತು. ಆ ಕುರ್ಚಿಯನ್ನು ಕಳೆಯ ಮೇಲೆ ಎಳೆದುಕೊಂಡು ಒಬ್ಬ ಕಂಡಕ್ಟರನ ಸಮಾಧಿಯಿಂದ ತಂಗಿಯ ಸಮಾಧಿಗೆ ತರುವಾಗ ಅವರ ಮುಖ ಹೇಗಿರುತ್ತಿತ್ತು? ಎರಡನೇ ಸಲವೂ ಅವರು ತಡವಾಗಿ ಬಂದ ಹಾಗಾಗುತ್ತಿತ್ತು.

ಮೊನ್ನೆ ಶನಿವಾರ ಹೊಲಿಗೆಯವರು ಅಂಗಡಿಯಿಂದಲೇ ಕೂಗಿದರು. "ಏನ್ರೀ, ಗೂಟ ಇನ್ನೂ ಹಾಗೇ ಇದೆ? ತಂಗಿಗೆ ಹೇಳಿದ್ರಾ?"

ಇಲ್ಲ ಎಂದೆ.

"ಎರಡು ತಿಂಗಳಾಯ್ತು!"

"ಹೇಳೋಣ ಅಂತ..."

ಅವರು ನನ್ನನ್ನು ಒಂದು ಬಟ್ಟೆಯ ಹಾಗೆ ಮೇಲಿಂದ ಕೆಳಗೆ ನೋಡಿದರು. "ನಿಮ್ಮಕ್ಕ ತಂಗಿ ಜಗಳಕ್ಕೆ ಆ ಕಂಡಕ್ಟರ್ ಮಗಳು ಏನ್ ಮಾಡಿದ್ಲು? ಮುಂದಿನ ಸಲ ಬಂದಾಗ ಅಪ್ಪನ ಎದೆ ಮೇಲೆ ಬೇರೆಯೋರ ಹೆಸರು ಓದ್ಬೇಕಾ?" ಎಂದರು. "ಓದಿದೋರು ಬೇರೆ" ಎಂದು ಮೆಷಿನ್ ತುಳಿಯತೊಡಗಿದರು.

ಅಲ್ಲಿಂದ ನೇರವಾಗಿ ಹೋಗಿ ಗೂಟ ಕಿತ್ತೆ. ಎರಡೂ ಕೈ ಹಾಕಿ ಅಲುಗಾಡಿಸಬೇಕಾಯಿತು, ಅಷ್ಟು ಭದ್ರವಾಗಿ ಹೊಡೆದಿದ್ದೆ. ಕಲ್ಲು ಕೆತ್ತುವವರ ಹತ್ತಿರ ಹೋಗಿ ಜಾಗ ಬದಲಾಗಿದೆ, ಪೋಸ್ಟ್‌ಮ್ಯಾನಿನ ಕಲ್ಲಿನ ಎಡಕ್ಕೆ ಎಂದು ಹೇಳಿ, ಕರೆದುಕೊಂಡು ಹೋಗಿ ತೋರಿಸಿದೆ. "ಯಾಕೆ ಬದಲಾಯ್ತು?" ಎಂದರು. ನನ್ನ ತಪ್ಪು ಎಂದೆ. ಹಾಗೆ ಹೇಳುವಾಗಲೂ, ತಪ್ಪು ಲೆಕ್ಕ ಮಾಡಿದವಳು ನೀನಲ್ಲವೇ ಎಂದು ಒಳಗೊಂದು ದನಿ ಗೊಣಗಿತು. ಅದನ್ನೂ ಬರೆದಿಡುತ್ತೇನೆ. ಅವರ ಚಪ್ಪರದ ಕೆಳಗೆ ಕಲ್ಲು ನೋಡಿದೆ. ಅಕ್ಷರಗಳು ಚೆನ್ನಾಗಿ ಕೂತಿವೆ.

ಫೋಟೊ ಬಗ್ಗೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಅವಳ ಪಕ್ಕದಲ್ಲಿ ಎರಡು ತೆಂಗಿನಕಾಯಿಗಳ ಹಾಗೆ ನಿಂತಿದ್ದೇವೆ. ಮೂವತ್ತೈದು ವರ್ಷ ನಾನು ಕಾವಲು ಕಾಯ್ದದ್ದು ಏನನ್ನು? ನನಗೆ ಈಗಲೂ ಆ ಬೆರಳುಗಳು ತಲೆಯಲ್ಲಿ ಆಡಿದ್ದು ಗೊತ್ತು, ನಂಬರುಗಳೂ ಗೊತ್ತು. ಬಹುಶಃ ಅವಳು ಹೇನು ಹುಡುಕುತ್ತಾ ನಂಬರು ಹೇಳುತ್ತಿದ್ದಳೋ ಏನೋ. ಜಡೆ ನಾನೇ ಸೇರಿಸಿರಬಹುದು, ಕೇಳಲು ಚೆನ್ನಾಗಿರಲಿ ಎಂದು. ಯಾರ ಜಡೆ ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ ಎನ್ನುವುದು ನನ್ನ ಉತ್ತರ. ಹೀಗೆ ಬರೆಯಲು ಎಷ್ಟು ಕಷ್ಟವಾಯಿತು ಎಂದು ನಿನಗೊಬ್ಬಳಿಗೇ ಗೊತ್ತಾಗುತ್ತದೆ, ಅದೂ ನನಗೆ ಇಷ್ಟವಿಲ್ಲ.

ಅಡುಗೆಮನೆಯ ಪಿಸುಮಾತಿನ ಗುಟ್ಟು ಹೇಳಿಬಿಡುತ್ತೇನೆ. ಅಮ್ಮ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಚಿಕ್ಕವಳಿಗೆ ಗೊತ್ತಾಗಬಾರದು ಎಂದು ಚಿಕ್ಕಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಕೊನೆಗೆ ಅಮ್ಮ ಉಳಿದಳು, ಅವಳೇ ಹೋದಳು. ನೀನು ಅದನ್ನು ಪ್ರೀತಿ ಎಂದುಕೊಂಡು ಹೊರಗೆ ನಿಂತು ಉರಿದೆ. ಬಾಗಿಲ ಆಚೆ ಆಡಲು ಹೋಗಬಲ್ಲ ನಿನ್ನನ್ನು ನೋಡಿ ನಾನು ಒಳಗೆ ಉರಿದೆ. ಅಷ್ಟು ಸಣ್ಣ ಮನೆಯಲ್ಲಿ ಅವಳು ನಮ್ಮಿಬ್ಬರನ್ನೂ ಹೇಗೆ ಸಹಿಸಿಕೊಂಡಳೋ.

28ರಂದು ನಾಲ್ಕು ಮಾತು ನಾನಾಡುವುದಿಲ್ಲ. ನನಗೆ ಬರುವುದಿಲ್ಲ, ನೀನೇ ಆಡು. ಜಾಗ ಹೇಗೆ ಸಿಕ್ಕಿತು ಎಂಬುದನ್ನು ಸುತ್ತೋಲೆಯಲ್ಲಿ ನಿನಗೆ ತಿಳಿದಂತೆ ಬರೆ. ಎಪ್ಪತ್ತನಾಲ್ಕು ದಿನವನ್ನೂ ಬರೆಯುವುದಾದರೆ ಬರೆ. ಮಾವ ಓದಿಕೊಳ್ಳಲಿ.

ಕೊನೆಯದಾಗಿ ಒಂದು. ನಾನು ಇದ್ದಕ್ಕಿದ್ದಂತೆ ಒಳ್ಳೆಯವಳಾದೆ ಎಂದುಕೊಳ್ಳಬೇಡ. ಈ ಕಾಗದವನ್ನು ನಾಳೆಯೇ ಹಾಕಬಹುದು. ಹಾಕುವುದಿಲ್ಲ. ಶನಿವಾರ ಕುಡುಗೋಲು ತೆಗೆದುಕೊಂಡು ಹೋಗಿ ಅಲ್ಲಿನ ಕಳೆಯನ್ನೆಲ್ಲ ನಾನೊಬ್ಬಳೇ ಕೀಳುತ್ತೇನೆ. ಭಾನುವಾರವೂ ಹೋಗುತ್ತೇನೆ. ಆಮೇಲೆ ಅವಳು ನಿನ್ನವಳು, ಮಾವನವಳು, ಇಪ್ಪತ್ತಮೂರು ಜನರವಳು. ಅಲ್ಲಿಯವರೆಗೆ ಅವಳು ಎಲ್ಲಿದ್ದಾಳೆ ಎಂದು ನಮ್ಮ ಮನೆತನದಲ್ಲಿ ಗೊತ್ತಿರುವುದು ನನಗೊಬ್ಬಳಿಗೇ. ಇನ್ನು ನಾಲ್ಕು ದಿನ ಹಾಗೇ ಇರಲಿ.

ನಿನ್ನ
ಅಕ್ಕ

ಡಬ್ಬಕ್ಕೆ ಹಾಕುವುದು: ಜೂನ್ 15, ಸೋಮವಾರ.